ಬೈಗುಳದ ವಾತ್ಸಲ್ಯ

ಧಾರವಾಡದ ಸೀಮೆಯಲ್ಲಿ ವಾತ್ಸಲ್ಯವು ಸ್ವನಾಮದಿಂದ ಸಂಚರಿಸುವುದು ಅಪೂರ್ವ. ವರ್ಷಾಂತರದ ಮೇಲೆ ಪರದೇಶದಿಂದ ಬಂದ ಮಗನನ್ನು ಹೊಸ್ತಿಲಲ್ಲಿ ಕಂಡ ತಾಯಿ, "ಏನೋ ಮಂಗ್ಯಾ, ಎಷ್ಟ ಸೊರಗೀಯಲ್ಲೋ, ಅಲ್ಲೆ ಕೂಳ ಸಿಗೂದಿಲ್ಲೇನು?" ಎಂದು ಗದರಿದಳೆಂದರೆ, ಬಲ್ಲವರು ಅದನ್ನು ಆನಂದಾಶ್ರುವಿಗೆ ಸಮನೆಂದೇ ಎಣಿಸತಕ್ಕದ್ದು. ಮಗನು ಸ್ಥೂಲಕಾಯನಾಗಿ, ಬಾಗಿಲಲ್ಲಿ ಅಡ್ಡಾಗಿ ಹಾಯ್ದು ಬರಬೇಕಾದ ಸ್ಥಿತಿಯಲ್ಲಿದ್ದರೂ ಈ ವಾಕ್ಯದಲ್ಲಿ ಒಂದಕ್ಷರವೂ ವ್ಯತ್ಯಾಸವಾಗದು.

ಹಾಗೆಂದು ಇಲ್ಲಿಯವರು ಶುಷ್ಕಹೃದಯರೆಂದು ಬಗೆಯಲಾಗದು. ಭಾವಪ್ರಕಟನೆಗೆ ನಮ್ಮ ಹಿರಿಯರು ಪಂಚಾಂಗದಲ್ಲಿಯೇ ಸ್ಥಳ ಕಾದಿರಿಸಿದ್ದಾರೆ. ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಕೈಗಿತ್ತು, ಬಂಗಾರದಂತೆ ಇರೋಣವೆಂದು ಹೇಳಿ, ವರ್ಷವೆಲ್ಲ ನಳದ ನೀರಿನ ಸಲುವಾಗಿ ಜಗಳಾಡಿದ ನೆರೆಯವರೂ ಪರಸ್ಪರ ಆಲಿಂಗಿಸಿಕೊಳ್ಳುತ್ತಾರೆ; ಸಂಕ್ರಮಣದಂದು ಕುಸುರೆಳ್ಳು ಹಂಚಿ ಸವಿಮಾತಿನ ಕರಾರು ಮಾಡಿಕೊಳ್ಳುತ್ತಾರೆ; ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಗೃಹಿಣಿಯೂ ಮದುವೆಯ ಆರತಿಯಲ್ಲಿಯೋ ಕುಬಸದಲ್ಲಿಯೋ, ಹೆಂಗಳೆಯರು ದಾರಿಗಟ್ಟಿ ಪೀಡಿಸಿದ ಮೇಲೆ, ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಆ ನಾಮವನ್ನು ಉಚ್ಚರಿಸಿ, ಸೆರಗಿನಲ್ಲಿ ನಗುತ್ತಾಳೆ. ಮರುದಿನದಿಂದ ಎಲ್ಲವೂ ಯಥಾಪ್ರಕಾರ. ಅವಳ ಸೊಸೆ ಮಾತ್ರ ಅಮೆರಿಕದಲ್ಲಿ, ಯಾವ ಒಡಪಿನ ಖರ್ಚೂ ಇಲ್ಲದೆ, ತನ್ನ ಗಂಡನ ನಾಮವನ್ನು ಅಡುಗೆಮನೆಯಿಂದ ಮಾಳಿಗೆಗೆ ಕೂಗುತ್ತಿರುತ್ತಾಳೆ.

ಮಾಳಮಡ್ಡಿಯ ನಮ್ಮ ನೆರೆಮನೆಯ ಹಿರಿಯ ತಾಯಿಯೊಬ್ಬರು ನ್ಯೂಜೆರ್ಸಿಯ ಮಗನ ಮನೆಯಲ್ಲಿ, ವೀಸಾ ಅನುಗ್ರಹಿಸಿದ ಆರು ತಿಂಗಳು ಪೂರ್ತಿ ಇದ್ದು ಬಂದರು. ಹೊರಡುವ ದಿನ ಪಕ್ಕದ ಮನೆಯ ಅಮೆರಿಕನ್ ಮಹಿಳೆ ಓಡಿಬಂದು ಇವರನ್ನು ಬಿಗಿದಪ್ಪಿಕೊಂಡಳಂತೆ. "ಯಾಕ ಹಂಗ ಹಿಡಕೊಂಡ್ಲೋ ಏನೋರಿ, ನಾ ಎಲ್ಲೆ ಬೀಳ್ತೀನಂತ ಅಂಜಿದ್ಲೋ ಏನೋ!" ಎಂದು ಅವರಿಗೆ ಇಂದಿಗೂ ಸಂದೇಹ. ಆದರೆ ಊರು ಸೇರಿದ ಮೇಲೆ ಆ ಮಹಿಳೆಗೆಂದೇ ಖಾರ ಕಡಿಮೆ ಮಾಡಿ ಶೇಂಗಾ ಚಟ್ನಿಪುಡಿ ಕುಟ್ಟಿ ಕಳಿಸಿದ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ. ಅವರ ಯಜಮಾನರ ಬಾಯಿಂದ ನನಗೆ ತಿಳಿಯಿತು.

ನ್ಯೂಜೆರ್ಸಿಯ ಶನಿವಾರದ ರಾತ್ರಿ ಇಲ್ಲಿಯ ರವಿವಾರದ ಮುಂಜಾವವಾಗುವುದರಿಂದ, ಮಗನ ಫೋನು ಆಗಲೇ ಬರುವುದು ವಾಡಿಕೆ. ಮಳೆ, ಮೊಣಕಾಲುನೋವು, ಜೋಳದ ಧಾರಣಿ ಮುಂತಾದ ಗಂಭೀರ ವಿಷಯಗಳೆಲ್ಲ ಮುಗಿದ ತರುವಾಯ ಆತನು ಒಮ್ಮೆ, ಆ ದೇಶದ ರೀತ್ಯಾ, "ಲವ್ ಯೂ ಅವ್ವಾ" ಎಂದುಬಿಟ್ಟನು. ತಾಯಿ ಕ್ಷಣಕಾಲ ಸ್ತಬ್ಧರಾದರು; ಅನಂತರ ಫೋನನ್ನು ಸೆರಗಿನಿಂದ ಮುಚ್ಚಿ, "ಇಲ್ಲೆ ಬರ್ರಿ, ಹುಡುಗಗ ಏನೋ ಆಗೇದ, ನೌಕರಿ ಹೋತೋ ಏನೋ" ಎಂದು ಪತಿಯನ್ನು ಕೂಗಿದರು. ತಂದೆ ಧಾವಿಸಿ ಬಂದು, ಪೀಠಿಕೆಯಿಲ್ಲದೆ, "ರೊಕ್ಕ ಎಷ್ಟ ಬೇಕಾಗೇದ, ಹೇಳೋ" ಎಂದರು. ಪಿಂಚಣಿಯ ಮೇಲೆ ಜೀವಿಸುವ ಮನುಷ್ಯನೊಬ್ಬನು ಡಾಲರಿನಲ್ಲಿ ಸಂಬಳ ಎಣಿಸುವ ಮಗನಿಗೆ ಹೀಗೆಂದುದಕ್ಕಿಂತ ಮಿಗಿಲಾದ ಪ್ರೇಮಪ್ರಕಟನೆಯನ್ನು ನಾನಂತೂ ಕೇಳಿಲ್ಲ.

ಹೊರನಾಡಿನ ಮಕ್ಕಳಲ್ಲಿ ನನ್ನದೊಂದು ವಿಜ್ಞಾಪನೆ: ಆ ಮಾತನ್ನು ಹೇಳಲೇಬೇಕೆಂದಿದ್ದರೆ ಫೋನಿನ ಆರಂಭದಲ್ಲಿಯೇ ಹೇಳಿ, ಕಾರಣವನ್ನೂ ವಿವರಿಸಿ ಮುಗಿಸಿರಿ. ಕೊನೆಯಲ್ಲಿ ಹೇಳಿ ನೀವು ಮಲಗಿಬಿಡುತ್ತೀರಿ. ಇಲ್ಲಿ ಅವರಿಗೆ ಚಿಂತಿಸಲು ರವಿವಾರದ ಹಗಲೆಲ್ಲ ಬಾಕಿ ಇರುತ್ತದೆ.