ಕರ್ಣನನ್ನು ನಂಬಿ ಕೆಟ್ಟೆ

ಮಹಾಭಾರತದಲ್ಲಿ ಕರ್ಣನನ್ನು ನಂಬಿ ಕೆಟ್ಟವನು ದುರ್ಯೋಧನ. ಹಾಸನದಲ್ಲಿ ನಾನು. ಅವನು ನಂಬಿದ್ದು ಸೂರ್ಯಪುತ್ರನನ್ನು. ನಾನು ನಂಬಿದ್ದು ಆಯತದ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆಯುವ ಗೆರೆಯನ್ನು. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತ ಬಂದವನಿಗೆ ಆ ಗೆರೆಯ ಮೇಲಿರುವ ಭರವಸೆ ಹೆಂಡತಿಯ ಮಾತಿನ ಮೇಲೆ ಇರುವುದಿಲ್ಲ.

ನಮ್ಮ ಹಾಲಿನಲ್ಲಿ ಒಂದು ಶೋಕೇಸಿದೆ. 1996ರಲ್ಲಿ ಅಪ್ಪ ಮೊದಲು 21 ಇಂಚಿನ ಕಲರ್ ಟೀವಿ ತಂದು, ಆಮೇಲೆ ಅದರ ಸುತ್ತ ಮನೆ ಕಟ್ಟಿಸಿದರೇನೋ ಅನ್ನುವಂಥ ಶೋಕೇಸು. ಎರಡಡಿ ಆಳ, ಉದ್ದಕ್ಕೂ ಅಡ್ಡಕ್ಕೂ ಕಡಪ ಕಲ್ಲು, ನಟ್ಟನಡುವೆ ಟೀವಿಗೊಂದು ಗೂಡು. ಅಕ್ಕಪಕ್ಕದ ಸಣ್ಣ ಗೂಡುಗಳಲ್ಲಿ ಚನ್ನಪಟ್ಟಣದ ಗೊಂಬೆ, ಪ್ಲಾಸ್ಟಿಕ್ ದ್ರಾಕ್ಷಿ, ಕ್ವಿಜ್‌ನಲ್ಲಿ ನನಗೆ ಬಂದ ಎರಡನೇ ಬಹುಮಾನದ ಸ್ಟೀಲ್ ಲೋಟ. ಟೀವಿಯ ತಲೆಯ ಮೇಲೆ ಅಮ್ಮ ಹೆಣೆದ ಕ್ರೋಶಾ ಬಟ್ಟೆ, ಅದರ ಮೇಲೆ ತಿರುಪತಿ ತಿಮ್ಮಪ್ಪ, ಅವನ ಪಾದದಡಿ ಆ ತಿಂಗಳ ಕರೆಂಟ್ ಬಿಲ್ಲು, ಪಕ್ಕದಲ್ಲಿ ಅಮ್ಮನ ಕನ್ನಡಕ. ತಿಮ್ಮಪ್ಪನಿಗೂ ತಲೆಯೆತ್ತಿ ನಿಲ್ಲಲು ಜಾಗ ಬೇಕೆಂದು ಅಪ್ಪ ಗೂಡನ್ನು ಧಾರಾಳವಾಗಿ ಬಿಡಿಸಿದ್ದರು. ಅಗಲ 36 ಇಂಚು, ಎತ್ತರ 30 ಇಂಚು. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ನನಗಂತೂ ಇನ್ನು ಸಾಯುವವರೆಗೂ ಮರೆಯುವುದಿಲ್ಲ.

ಇಪ್ಪತ್ತೊಂಬತ್ತು ವರ್ಷ ದುಡಿದ ಆ ಟೀವಿ ಕೊನೆಗೆ ಹಸಿರಿಗೆ ತಿರುಗಿತು. ವಾರ್ತೆ ಓದುವವರು, ವಾರ್ತೆಯಲ್ಲಿ ಬರುವವರು, ಎಲ್ಲ ಪಕ್ಷದವರೂ ಹಸಿರು. ಹಾಸನ ಜಿಲ್ಲೆಯಲ್ಲಿ ಅದಕ್ಕೆ ರಾಜಕೀಯ ಅರ್ಥ ಬರುತ್ತದೆ. ಟೀವಿಯ ಎಡಗೆನ್ನೆಗೆ ಒಂದು ಬಿಟ್ಟರೆ ಸರಿಹೋಗುತ್ತಿತ್ತು, ಆದರೆ ಆ ಕೆನ್ನೆಗೆ ಎಲ್ಲಿ, ಎಷ್ಟು ಜೋರಾಗಿ ಬಿಡಬೇಕೆಂಬುದು ಅಮ್ಮನಿಗೆ ಮಾತ್ರ ಗೊತ್ತು. ಮಗಳು ಪಿಯುಸಿ ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಳು. ಸರಿ, ದೀಪಾವಳಿಗೆ ಹೊಸದು ತರೋಣ, ಇಪ್ಪತ್ತು ಸಾವಿರ ದಾಟಬಾರದು ಎಂದು ತೀರ್ಮಾನವಾಯಿತು.

ಹೆಂಡತಿ ಹೇಳಿದ್ದು 32 ಇಂಚಿನದು. ಅದನ್ನೇ ತಂದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿತ್ತು. 32ಕ್ಕೆ ಮೊದಲಿನಿಂದಲೂ ಹದಿನೆಂಟೇ. ಅಂದರೆ ಚಿಕ್ಕದನ್ನು ಕೊಂಡರೆ ನನಗೆ ಬಿಡಿಗಾಸೂ ಉಳಿಯುವುದಿಲ್ಲ, ದೊಡ್ಡದನ್ನು ಕೊಂಡರೆ ಉಳಿಯುತ್ತದೆ! ಉಳಿತಾಯ ಮಾಡಲು ಹೆಚ್ಚು ಖರ್ಚು ಮಾಡಬೇಕಾದ ಈ ಸೂಕ್ಷ್ಮ ಹೆಂಡತಿಗೆ ಅರ್ಥವಾಗಲಿಲ್ಲ. ಅಂಗಡಿಯ ಹುಡುಗನಿಗೆ ಚೆನ್ನಾಗಿ ಅರ್ಥವಾಯಿತು. “ಸಾರ್, 43 ಇಂಚು ನೋಡಿ, 17,990. ಹತ್ತು ಪರ್ಸೆಂಟ್ ಕಮ್ಮಿ ಆಗಿದೆ” ಅಂದ.

“ತಪ್ಪು,” ಅಂದೆ. “128 ಇದ್ದದ್ದು 118 ಆಯಿತು. 128ರಲ್ಲಿ 10 ಅಂದರೆ 7.8 ಪರ್ಸೆಂಟ್.” ಅವನು ಕೈಕಟ್ಟಿ ಕೇಳಿಸಿಕೊಂಡ. ಹಬ್ಬದ ಜನಜಂಗುಳಿಯಲ್ಲಿ ನಾಲ್ಕಾರು ಗಿರಾಕಿಗಳೂ ನಿಂತರು. ಹೆಂಡತಿ ಸೀಲಿಂಗ್ ಫ್ಯಾನ್ ನೋಡತೊಡಗಿದಳು.

ಆಮೇಲೆ ಮೆಲ್ಲಗೆ ಕೇಳಿದಳು: “ರೀ, ಗೂಡಿನ ಅಗಲ ಅಳೆದಿದ್ದೀರಾ?”

“ಟೀವಿಯನ್ನ ಅಗಲದಲ್ಲಿ ಅಳೆಯೋದಿಲ್ಲ ಕಣೇ. ಕರ್ಣದಲ್ಲಿ ಅಳೀತಾರೆ.” ಆಫರ್ ಕಾಗದದ ಬೆನ್ನ ಮೇಲೆ ಬರೆದೇ ತೋರಿಸಿದೆ. 36ರ ವರ್ಗ 1296, 30ರ ವರ್ಗ 900, ಕೂಡಿದರೆ 2196, ವರ್ಗಮೂಲ 46.86. ಗೂಡಿನ ಕರ್ಣ 46.86, ಟೀವಿಯ ಕರ್ಣ 43. “ಇನ್ನೂ ಮೂರೂಮುಕ್ಕಾಲು ಇಂಚು ಗಾಳಿಯಾಡೋಕೆ!” ಅಂದೆ. ಅವಳು ಮತ್ತೆ, “ಆದರೂ ಅಗಲ ಒಂದ್ಸಲ...” ಅಂದಳು. ಕೌರವರ ಸಭೆಯಲ್ಲಿ ನ್ಯಾಯದ ಮಾತಾಡಿದ ಒಬ್ಬನೇ ಒಬ್ಬ ತಮ್ಮ ವಿಕರ್ಣ. ಅವನ ಬಾಯಿ ಮುಚ್ಚಿಸಿದವನು ಕರ್ಣ. ನಮ್ಮಲ್ಲೂ ಅದೇ ಆಯಿತು.

ಲಗೇಜ್ ಆಟೋದಲ್ಲಿ ಟೀವಿ ಬಂತು. ಕಂಪನಿಯ ಹುಡುಗ ಬಂದು ಬಿಚ್ಚುವವರೆಗೆ ಡಬ್ಬ ಮುಟ್ಟಬಾರದು ಎಂದು ಅಂಗಡಿಯವರು ಹೇಳಿದ್ದರಿಂದ ಅದು ಎರಡು ದಿನ ಹಾಲಿನ ನಡುವೆ ಬೀಗರ ಹಾಗೆ ನಿಂತಿತ್ತು. ನಾವು ಅದನ್ನು ಬಳಸಿಕೊಂಡು ಓಡಾಡಿದೆವು.

ಮೂರನೇ ದಿನ ಹುಡುಗ ಬಂದ. ಗೂಡನ್ನು ನೋಡಿದ. ಹೆಬ್ಬೆರಳು ಕಿರುಬೆರಳು ಚಾಚಿ ಕಡಪ ಕಲ್ಲಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಗೇಣು ಹಾಕಿದ. ಡಬ್ಬದಿಂದ ಟೀವಿ ತೆಗೆದು ಅದರ ಮೇಲೂ ಗೇಣು ಹಾಕಿದ. ನಾಲ್ಕು ಗೇಣು, ಎರಡು ಬೆರಳು.

“ಕೂರಲ್ಲ ಸಾರ್.”

“ಟೇಪ್ ಇಲ್ವೇನಪ್ಪ ನಿನ್ನ ಹತ್ರ?”

“ಇದೆ ಸಾರ್. ಬೇಕಾದ್ರೆ ಹಿಡೀತೀನಿ. ಆಮೇಲೂ ಕೂರಲ್ಲ.”

ನಾನು ಆಫರ್ ಕಾಗದ ತಂದು 46.86 ತೋರಿಸಿದೆ. ಅವನು ಅದನ್ನು ಗೌರವದಿಂದ ನೋಡಿ ವಾಪಸ್ ಕೊಟ್ಟ. ಹಾಗಾದರೆ ಓರೆಯಾಗಿ ತೂರಿಸೋಣ, ಕರ್ಣದ ದಿಕ್ಕಿನಲ್ಲಿ ಜಾಗ ಇದ್ದೇ ಇದೆ ಎಂದು ನಾನೇ ಒಂದು ಕಡೆ ಹಿಡಿದೆ. ಟೀವಿಯ ಬಲಗಾಲು ಕಡಪ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. 1990ರಲ್ಲಿ ಪಕ್ಕದ ಮನೆಯ ಕಿಟಕಿಯ ಸರಳು ಹಿಡಿದು ದೂರದರ್ಶನದ ಮಹಾಭಾರತದಲ್ಲಿ ರಥದ ಚಕ್ರ ಹೂತುಹೋದದ್ದನ್ನು ನೋಡಿ ಅತ್ತಿದ್ದೆ. ಮೂವತ್ತೈದು ವರ್ಷದ ಮೇಲೆ ಅದೇ ಸೀನು ನನ್ನ ಹಾಲಿನಲ್ಲಿ. “ಸಾರ್, ಪ್ಯಾನೆಲ್ ಒಡೆದ್ರೆ ವಾರಂಟಿ ಬರಲ್ಲ,” ಅಂದ ಹುಡುಗ. ಆ ಒಂದು ಮಾತಿಗೆ ನನ್ನ ಕೈ ತಾನಾಗಿ ಸಡಿಲವಾಯಿತು.

ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಕಾಗದ ಹಿಡಿದು ಕೂತೆ. ನಮ್ಮ ಗೂಡು ಹೆಚ್ಚುಕಡಿಮೆ ಚೌಕ. ಈಗಿನ ಟೀವಿ 16ಕ್ಕೆ 9ರ ಅನುಪಾತದ್ದು, ಅಂದರೆ ಚಾಪೆಯ ಹಾಗೆ ಅಡ್ಡಕ್ಕೆ ಮಲಗಿದ್ದು. ಕರ್ಣ 43 ಇದ್ದರೆ ಪರದೆಯ ಅಗಲವೇ 37.5 ಇಂಚು, ಚೌಕಟ್ಟು ಸೇರಿ 38. ಎತ್ತರ ಬರೀ 21. ಮೇಲೆ ಒಂಬತ್ತು ಇಂಚು ದಂಡಿಯಾಗಿ ಉಳಿಯುತ್ತದೆ, ಪಕ್ಕದಲ್ಲಿ ಎರಡಿಂಚು ಸಾಲದು. ಒಂಬತ್ತನೇ ಕ್ಲಾಸಿನ ಲೆಕ್ಕ. ನಾನೇ ಪಾಠ ಮಾಡುವ ಲೆಕ್ಕ.

ಬೆಳಿಗ್ಗೆ ಎದುರು ಗೋಡೆಗೆ ನೇತುಹಾಕುವುದೆಂದಾಯಿತು. ಮೊದಲ ತೂತು ಕೊರೆಯುತ್ತಿದ್ದಂತೆ ಗಾರೆ ಉದುರಿ ನಿಂಬೆಹಣ್ಣು ಹಿಡಿಸುವಷ್ಟು ಗುಂಡಿಯಾಯಿತು. ಗಟ್ಟಿ ಜಾಗ ಹುಡುಕುತ್ತ ಹುಡುಗ ಮೇಲೆ ಮೇಲೆ ಹೋದ. ಕೊನೆಗೆ ಟೀವಿ ಕೂತದ್ದು ಗೋಡೆಗಡಿಯಾರ ಇರುವ ಎತ್ತರದಲ್ಲಿ. ಹಳೇಬೀಡಿನಲ್ಲಿ ಗೈಡು ಬೆರಳು ತೋರಿಸಿದ ಕಡೆಗೆಲ್ಲ ಕತ್ತೆತ್ತಿ ನೋಡಿದ ಅನುಭವ ಇದ್ದವರಿಗೆ ನಮ್ಮ ಮನೆಯಲ್ಲಿ ತೊಂದರೆಯಾಗುವುದಿಲ್ಲ. ಪ್ಲಗ್ಗು, ಸೆಟ್‌ಟಾಪ್ ಬಾಕ್ಸು ಎಲ್ಲ ಇರುವುದು ಶೋಕೇಸಿನಲ್ಲಿ, ಅಂದರೆ ಹಾಲಿನ ಆಚೆ ದಡದಲ್ಲಿ. ಗೋಡೆಯ ಬ್ರ್ಯಾಕೆಟ್ 700, ಉದ್ದದ ಎಚ್‌ಡಿಎಂಐ ಕೇಬಲ್ 550, ಎಕ್ಸ್‌ಟೆನ್ಷನ್ ಬೋರ್ಡು 450, ಒಟ್ಟು 1,700. ಜಿಎಸ್‌ಟಿಯಲ್ಲಿ ಉಳಿಸಿದ್ದು 1,525. ನಿಖರವಾಗಿ 175 ರೂಪಾಯಿ ನಷ್ಟ. ಈ ಲೆಕ್ಕವನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಆನ್ ಮಾಡಿದರೆ ಟೀವಿ ಗೂಗಲ್ ಪಾಸ್‌ವರ್ಡ್ ಕೇಳಿತು. ಅದನ್ನು ದಿನಾ ಶಾಲೆಯ ಕಂಪ್ಯೂಟರಿನಲ್ಲಿ ಒತ್ತುತ್ತೇನೆ. ಆ ಗಳಿಗೆಯಲ್ಲಿ, ಪರಶುರಾಮರ ಶಾಪ ತಗುಲಿದ ಹಾಗೆ, ಒಂದಕ್ಷರ ನೆನಪಾಗಲಿಲ್ಲ. ರಿಮೋಟಿನ ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರ ಹುಡುಕುವಷ್ಟರಲ್ಲಿ ಸಂಜೆಯಾಯಿತು. ಕೊನೆಗೆ ಮಗಳು ತನ್ನ ಅಕೌಂಟ್ ಹಾಕಿದಳು. ಹಾಗಾಗಿ ನಮ್ಮ ಟೀವಿ ಈಗಲೂ ನನ್ನನ್ನು ಹದಿನೇಳರ ಹುಡುಗಿಯೆಂದು ತಿಳಿದು ಕೊರಿಯನ್ ಸೀರಿಯಲ್ ನೋಡಲು ಒತ್ತಾಯಿಸುತ್ತದೆ.

ಅಮ್ಮ ಆರತಿ ತಟ್ಟೆ ಹಿಡಿದು ಸ್ಟೂಲ್ ಹತ್ತಿದವರು ಅಲ್ಲೇ ನಿಂತರು. “ಕುಂಕುಮ ಇಡೋಕೆ ಇದಕ್ಕೆ ಹಣೆನೇ ಇಲ್ವಲ್ಲೋ!” ತಿಮ್ಮಪ್ಪನನ್ನು ಎಲ್ಲಿ ಇಡುವುದು ಎಂಬುದು ಅವರ ಮುಂದಿನ ಪ್ರಶ್ನೆ. ಉತ್ತರ ನನ್ನಲ್ಲಿರಲಿಲ್ಲ.

ಮೊದಲು ಬಂದದ್ದು ‘ಕಸ್ತೂರಿ ನಿವಾಸ’. ಚಿತ್ರ ಕಪ್ಪು ಬಿಳುಪಾಗಿ ಕಾಣಿಸಿತು. ನಾನು ಪಿಕ್ಚರ್ ಸೆಟ್ಟಿಂಗಿಗೆ ಹೋಗಿ ಬಣ್ಣ ಏರಿಸಿದೆ, ಇಳಿಸಿದೆ, ಪುನಃ ಏರಿಸಿದೆ. “ಅಪ್ಪ, ಅದು ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ,” ಅಂದಳು ಮಗಳು. ನನಗೆ ಗೊತ್ತಿಲ್ಲವೇ! 1971ರ ಚಿತ್ರ. ಆದರೆ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದಾಗ ಥಿಯೇಟರಿಗೇ ಹೋಗಿ ನೋಡಿದ್ದೆ. ಬರಬೇಕು, ಬರಲೇಬೇಕು ಎಂದು ಹಟ ಹಿಡಿದೆ. ಚಾನೆಲ್‌ನವರು ಹಾಕಿದ್ದು ಹಳೆಯ ಪ್ರಿಂಟು. ನಾನು ಒತ್ತಿದ ಯಾವುದೋ ಗುಂಡಿಗೆ ಚಿತ್ರ ಅಡ್ಡಕ್ಕೆ ಹಿಗ್ಗಿ, ಬಡತನಕ್ಕೆ ಇಳಿದ ರಾಜಣ್ಣ ಹಬ್ಬದೂಟ ಮುಗಿಸಿ ಬಂದವರಂತೆ ದಪ್ಪಗಾದರು. ಅಮ್ಮನಿಗೆ ಅಳು ಬರಲಿಲ್ಲ. ಈ ಚಿತ್ರಕ್ಕೆ ಅಮ್ಮ ಅಳದೇ ಇದ್ದದ್ದು ಅದೇ ಮೊದಲು.

ಅಳದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಈ ಟೀವಿ ಅಷ್ಟು ತೆಳ್ಳಗಿದೆಯಲ್ಲ, ಒಳ್ಳೆಯ ಸ್ಪೀಕರಿಗೆ ಜಾಗವೆಲ್ಲಿ? ಇರುವುದೂ ಕೆಳಮುಖ. ಕರ್ಣ ಅಂದರೆ ಕಿವಿಯೂ ಹೌದು ಎಂಬುದು ಕೊಳ್ಳುವಾಗ ನೆನಪಾಗಲಿಲ್ಲ. ಸೌಂಡ್‌ಬಾರ್‌ಗೆ ಐದಾರು ಸಾವಿರ ಅಂದ ಅಂಗಡಿಯ ಹುಡುಗ. ಪುಣ್ಯಕ್ಕೆ ಹಳೆಯ ಟೀವಿ ಮತ್ತೆ ಗೂಡು ಸೇರಿತ್ತು. ಎಕ್ಸ್‌ಚೇಂಜಿಗೆ ಐನೂರು ಕೊಡುತ್ತೇವೆ ಅಂದಾಗ ಅಮ್ಮ, “ನಿಮ್ಮಪ್ಪ ತಂದಿದ್ದು ಐನೂರಕ್ಕಾ?” ಎಂದು ಬಾಗಿಲಿಗೆ ಅಡ್ಡ ನಿಂತಿದ್ದರು. ಹೆಂಡತಿ ಮಾತಿಲ್ಲದೆ ಎದ್ದು ಸೆಟ್‌ಟಾಪ್ ಬಾಕ್ಸಿನ ಹಳೆಯ ವೈರನ್ನು ಹಳೆಯ ಟೀವಿಗೆ ಸಿಕ್ಕಿಸಿದಳು.

ಈಗ ನಮ್ಮ ಮನೆಯಲ್ಲಿ ಚಿತ್ರ ಈ ಗೋಡೆಯಲ್ಲಿ, ಧ್ವನಿ ಆ ಗೋಡೆಯಲ್ಲಿ. ಹೊಸ ಟೀವಿಯಲ್ಲಿ ಚಿತ್ರ ಚೂರು ತಡವಾಗಿ ಬರುವುದರಿಂದ ಪಾತ್ರಗಳು ಮೊದಲು ಮಾತಾಡಿ ಆಮೇಲೆ ಬಾಯಿ ತೆರೆಯುತ್ತವೆ. ತಿಮ್ಮಪ್ಪ ತನ್ನ ಜಾಗದಲ್ಲೇ ಇದ್ದಾನೆ.

ರಜೆ ಮುಗಿದ ಮೇಲೆ ಒಂಬತ್ತನೇ ತರಗತಿಯ ಕಿರುಪರೀಕ್ಷೆಗೆ ಮೂರು ಅಂಕದ ಪ್ರಶ್ನೆಯೊಂದು ಹಾಕಿದೆ: 36 ಇಂಚು ಅಗಲ, 30 ಇಂಚು ಎತ್ತರದ ಗೂಡಿನಲ್ಲಿ 43 ಇಂಚಿನ ಟೀವಿ ಕೂರುವುದೇ? ಅರ್ಧ ತರಗತಿ 46.86 ಎಂದು ಬರೆದು ಕೂರುತ್ತದೆ ಅಂದಿತು. ನಮ್ಮ ಬೀದಿಯ ಹುಡುಗನೊಬ್ಬ ಮಾತ್ರ ಒಂದೇ ಸಾಲು ಬರೆದಿದ್ದ: “ಕೂರುವುದಿಲ್ಲ, ತಮ್ಮ ಮನೆಯಲ್ಲಿ ನೋಡಿದ್ದೇನೆ.” ಲೆಕ್ಕದ ಹಂತಗಳನ್ನು ತೋರಿಸಿಲ್ಲವೆಂದು ಒಂದು ಅಂಕ ಕಳೆದು ಎರಡು ಕೊಟ್ಟೆ.