ಇಂಡೀ ರಾಕ್‌ನ ಜಮಾ-ಖರ್ಚು ಮೀಮಾಂಸೆ

ಇಂಡೀ ರಾಕ್ ತಂಡಗಳ ಬಗ್ಗೆ ಇದುವರೆಗೆ ಬರೆದವರೆಲ್ಲ ಗಿಟಾರು, ಸಿಟ್ಟು, ಕೇಶವಿನ್ಯಾಸಗಳ ಬೆನ್ನು ಹತ್ತಿ ಮೂಲಕೃತಿಯನ್ನೇ ಕೈಬಿಟ್ಟಿದ್ದಾರೆ. ಹಾಡನ್ನು ಹೊರತರಲು ಆದ ಖರ್ಚಿನ ಪಟ್ಟಿಯೇ ಆ ಮೂಲಕೃತಿ. ಹಾಡು ಅದಕ್ಕೆ ಲಗತ್ತಿಸಿದ ವೋಚರು ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ. ರಸಿಕರಿಗೆ ಇದು ಒರಟೆನಿಸಬಹುದು. ರಸಿಕರು ಕವರಿನ ಹಿಂಬದಿ ಓದುವುದಿಲ್ಲ, ಅದೇ ತೊಂದರೆ.

ಪರಂಪರೆಯ ಆದಿಗ್ರಂಥ, ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ 1977ರ ಜನವರಿಯಲ್ಲಿ ತಾನೇ ಹೊರತಂದ 'ಸ್ಪೈರಲ್ ಸ್ಕ್ರ್ಯಾಚ್'. ನಾಲ್ಕು ಹಾಡು, ಮೊದಲ ಅಚ್ಚು ಸಾವಿರ ಪ್ರತಿ, ಬಂಡವಾಳ ಸುಮಾರು 500 ಪೌಂಡ್, ಅದೂ ಮನೆಯವರು, ಸ್ನೇಹಿತರಿಂದ ಎತ್ತಿದ ಕೈಸಾಲ. ಯಾವ ಹಾಡು ಎಷ್ಟನೇ ಟೇಕಿನದು ಎಂಬುದನ್ನು ಕವರಿನ ಮೇಲೆಯೇ ಮುದ್ರಿಸಿದ್ದಾರೆ. ಎಷ್ಟು ಹಾಳೆ ಹರಿದೆಸೆದೆನೆಂದು ಕವಿಗಳು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ಈ ಪ್ರಾಮಾಣಿಕತೆ ಗುಮಾಸ್ತರ ಕುಲದ್ದು. ಅದೇ ವರ್ಷದ ಇನ್ನೊಂದು ತಂಡ ಡೆಸ್ಪರೇಟ್ ಬೈಸಿಕಲ್ಸ್. ತಾವು ಒಟ್ಟುಗೂಡಿದ್ದೇ ಒಂದು ಸಿಂಗಲ್ ರೆಕಾರ್ಡ್ ಮಾಡಿ ಬಿಡುಗಡೆ ಮಾಡುವುದಕ್ಕೆ ಎಂದು ಅವರೇ ಬರೆದುಕೊಂಡರು. ತಗುಲಿದ್ದು 153 ಪೌಂಡ್ ಎಂದೂ ಸಾರಿದರು. ಮೊದಲು ಬಿಡುಗಡೆಯ ಸಂಕಲ್ಪ, ಆಮೇಲೆ ತಂಡ, ಕಟ್ಟಕಡೆಗೆ ಹಾಡು: ಅನುಕ್ರಮವನ್ನು ಗಮನಿಸಬೇಕು. 1978ರಲ್ಲಿ ಲಂಡನ್ನಿನ ಸ್ಕ್ರಿಟಿ ಪೊಲಿಟಿ ಈ ಪ್ರಕಾರವನ್ನು ಪರಾಕಾಷ್ಠೆಗೆ ಮುಟ್ಟಿಸಿತು. ರೆಕಾರ್ಡಿಂಗಿಗೆ ಇಷ್ಟು, ಮಾಸ್ಟರಿಂಗಿಗೆ ಇಷ್ಟು, ಅಚ್ಚೊತ್ತಲು ಇಷ್ಟು, ಲೇಬಲ್ಲಿಗೆ ಇಷ್ಟು ಎಂದು ಕವರಿನ ಮೇಲೆ ಬಾಬುವಾರು ಲೆಕ್ಕ. ನಮ್ಮ ದಾನಶಾಸನಗಳನ್ನು ಓದಿ ಪಳಗಿದವರಿಗೆ ಇದು ಪರಿಚಿತ ಶೈಲಿಯೇ. ಕೊನೆಯ ಶಾಪಾಶಯವೊಂದು ಕಾಣೆಯಾಗಿದೆ ಎನ್ನುವವರಿಗೆ ಸಮಾಧಾನ: ಮನೆಯಲ್ಲಿ ಹಾಡು ನಕಲು ಮಾಡಿಕೊಳ್ಳುವವರ ವಿರುದ್ಧ ಬ್ರಿಟನ್ನಿನ ರೆಕಾರ್ಡ್ ಕಂಪನಿಗಳ ಒಕ್ಕೂಟ 1980ರ ದಶಕದ ಆರಂಭದಲ್ಲಿ ಕ್ಯಾಸೆಟ್ಟನ್ನೇ ತಲೆಬುರುಡೆ ಮಾಡಿ, ಕೆಳಗೆ ಎರಡು ಎಲುಬು ಬರೆಸಿ ಅದನ್ನೂ ಒದಗಿಸಿಕೊಟ್ಟಿತು.

ಇಂಡೀ ಎಂಬುದು ಒಂದು ನಾದ, ಅದನ್ನು ಕಿವಿಯಿಂದ ಗುರುತಿಸಬೇಕು ಎಂಬುದು ಪೂರ್ವಪಕ್ಷ. ಕಿವಿಗೆ ಇಲ್ಲಿ ಅಧಿಕಾರವಿಲ್ಲ. 1980ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಇಂಡೀ ಪಟ್ಟಿ ಪ್ರಕಟವಾದಾಗ ಅದರೊಳಗೆ ಬರಲು ಇದ್ದ ಅರ್ಹತೆ ಒಂದೇ: ರೆಕಾರ್ಡು ದೊಡ್ಡ ಕಂಪನಿಗಳ ವಿತರಣೆಯಿಂದ ಹೊರಗಿರಬೇಕು. ಅಂದರೆ ಪ್ರಶ್ನೆ ಸರಕು ಯಾರ ವ್ಯಾನಿನಲ್ಲಿ ಅಂಗಡಿಗೆ ಬಂತು ಎಂಬುದು. ಆ ವ್ಯಾನಿನಲ್ಲಿ ಭಜನೆ ಬಂದಿದ್ದರೂ ಇಂಡೀಯೇ.

ಹೆಚ್ಚು ತೂಕದ ಆಕ್ಷೇಪ ಶೆಫೀಲ್ಡಿನದು. ಅಲ್ಲಿನ ಆರ್ಕ್ಟಿಕ್ ಮಂಕೀಸ್ ಹುಡುಗರು ತಮ್ಮ ಕಛೇರಿಗಳಲ್ಲಿ ಡೆಮೊ ಸಿಡಿಗಳನ್ನು ಪುಕ್ಕಟೆ ಹಂಚಿದರು, ಅಭಿಮಾನಿಗಳು ಅವನ್ನು ಇಂಟರ್‌ನೆಟ್ಟಿಗೆ ಏರಿಸಿದರು, ಜನ ಹಾಡನ್ನೇ ಬಾಯಿಪಾಠ ಮಾಡಿಕೊಂಡು ಬಂದರು. ಲೆಕ್ಕ ಎಲ್ಲಿದೆ, ಸ್ವಾಮಿ? ಇಲ್ಲಿದೆ: 2006ರ ಜನವರಿಯಲ್ಲಿ ಬಂದ ಅವರ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ವಾರ 3,63,735 ಪ್ರತಿ ಮಾರಾಟವಾಯಿತು. ಸುಮಾರು ಮೂರೂಮುಕ್ಕಾಲು ಲಕ್ಷ ಎಂದು ಕೈಬೀಸಿ ಹೇಳಬಹುದಿತ್ತು. ಯಾರೂ ಹಾಗೆ ಹೇಳಲಿಲ್ಲ. ಆ ಕೊನೆಯ ಐದು ಪ್ರತಿಗಳನ್ನೂ ಬಿಡದ ನಿಷ್ಠೆಗೆ ಬೇರೆ ವಿವರಣೆ ನನಗಂತೂ ಹೊಳೆಯದು. ಪುಕ್ಕಟೆ ಹಂಚಿದ್ದು ಖರ್ಚಿನ ಕಡೆ, ಇದು ಜಮಾ ಕಡೆ.

ಈಗ ಅಚ್ಚಿಲ್ಲ, ಕವರಿಲ್ಲ, ಮಲಗುವ ಕೋಣೆಯಿಂದಲೇ ಹಾಡು ಬಿಡುಗಡೆಯಾಗುತ್ತದೆ, ಆದ್ದರಿಂದ ಸಿದ್ಧಾಂತ ಸತ್ತಿತು ಎನ್ನುವ ಯುವ ವಿದ್ವಾಂಸರಿದ್ದಾರೆ. ಅವರು ಸ್ಪಾಟಿಫೈಯ ನಿಯಮಾವಳಿಯನ್ನು ಪಾರಾಯಣ ಮಾಡುವುದು ಒಳ್ಳೆಯದು. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗಿಗೆ ರಾಯಲ್ಟಿ ಇಲ್ಲ. ಬಝ್‌ಕಾಕ್ಸ್ ಎಲ್ಲಿಂದ ಶುರುಮಾಡಿತೋ ಅದೇ ಸಾವಿರ! ಹೀಗಾಗಿ 990ರ ಹತ್ತಿರ ಬಂದು ನಿಂತ ತಂಡವೊಂದು, ಕೊರತೆ ತುಂಬಲು, ತನ್ನ ಹಾಡನ್ನು ತಾನೇ ಕೂತು ಮೊದಲಿಂದ ಕೊನೆಯವರೆಗೆ ಕೇಳುವ ಸಂಭವವಿದೆ. ಹಾಡಿನಲ್ಲಿ ಏನಿದೆ ಎಂದು ಅವರಿಗೂ ಆಗಲೇ ಗೊತ್ತಾಗಬಹುದು.