ನಿವೃತ್ತಿಯೆಂಬ ನಿತ್ಯಕರ್ಮ

ಥಾಯ್ ಭಾಷೆಯಲ್ಲಿ 'ಫರಂಗ್' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು ಬಿಳಿಯ ವಿದೇಶಿ, ಇನ್ನೊಂದು ಸೀಬೆಹಣ್ಣು. ವಿದೇಶಿಯನ್ನು ಪರಂಗಿಯೆಂದೂ ಪಪ್ಪಾಯಿಯನ್ನು ಪರಂಗಿಹಣ್ಣೆಂದೂ ಕರೆಯುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ, ಏಕೆಂದರೆ ಎರಡೂ ಶಬ್ದಗಳು ಪಾರಸಿಯ 'ಫರಂಗಿ'ಯ ಬಳಗದವೇ ಆಗಿದ್ದು, ಕಡಲಾಚೆಯಿಂದ ಬಂದ ಮನುಷ್ಯನಿಗೂ ಹಣ್ಣಿಗೂ ಬೇರೆ ಬೇರೆ ಹೆಸರಿಡುವ ಗೊಡವೆಗೆ ಎರಡೂ ನಾಡುಗಳ ಜನ ಹೋಗಲಿಲ್ಲ. ಇಲ್ಲಿ ವಿವೇಚನೆಗೆ ಎತ್ತಿಕೊಂಡಿರುವುದು ಹಣ್ಣನ್ನಲ್ಲ, ಮನುಷ್ಯನನ್ನು. ಅದರಲ್ಲಿಯೂ ಬ್ರಿಟನ್ನಿನಲ್ಲಿ ಮೂವತ್ತು ನಲವತ್ತು ವರ್ಷ ದುಡಿದು, ಅಲ್ಲಿಯ ಮಳೆಗೂ ಮೇಲಧಿಕಾರಿಗೂ ಒಂದೇ ಸಲ ಕೈಮುಗಿದು, ಉಳಿದ ಆಯುಷ್ಯವನ್ನು ಥಾಯ್ಲೆಂಡಿನ ಕಡಲತೀರದಲ್ಲಿ ಕಳೆಯಲು ಬಂದ ಪಿಂಚಣಿದಾರನನ್ನು.

ಐವತ್ತು ದಾಟಿದವನು ವಾನಪ್ರಸ್ಥಕ್ಕೆ ಹೊರಡಬೇಕೆಂಬ ಮಾತು ನಮ್ಮ ಆಶ್ರಮಧರ್ಮದ ಪರಂಪರೆಯಲ್ಲಿದೆ. ಥಾಯ್ಲೆಂಡಿನ ವಲಸೆ ಇಲಾಖೆಯೂ ತನ್ನದೇ ದಾರಿಯಲ್ಲಿ ಇದೇ ತೀರ್ಮಾನಕ್ಕೆ ಬಂದು, ನಿವೃತ್ತಿಯ ನೆಲೆಯಲ್ಲಿ ದೇಶದೊಳಗೆ ತಂಗುವ ಪರವಾನಗಿಗೆ ಕನಿಷ್ಠ ವಯಸ್ಸನ್ನು 50 ಎಂದೇ ಗೊತ್ತುಮಾಡಿದೆ. ವ್ಯತ್ಯಾಸವಿರುವುದು ಸಲಕರಣೆಯಲ್ಲಿ ಮಾತ್ರ: ಪುರಾಣದ ವಾನಪ್ರಸ್ಥನು ಕಮಂಡಲು ಹಿಡಿದು ಕಾಡಿಗೆ ಹೋದರೆ, ಈತನು ಪ್ಲಾಸ್ಟಿಕ್ ಫೈಲು ಹಿಡಿದು ಹುವಾ ಹಿನ್‌ಗೆ ಹೋಗುತ್ತಾನೆ. ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿರುವ ಈ ಊರಿನ ಹೆಸರಿನಲ್ಲಿ 'ಹುವಾ' ಎಂದರೆ ತಲೆ, 'ಹಿನ್' ಎಂದರೆ ಕಲ್ಲು. ಏಳನೆಯ ರಾಮನೆಂಬ ಬಿರುದಿನ ದೊರೆ ಪ್ರಜಾಧಿಪೋಕನು 1920ರ ದಶಕದಲ್ಲಿ ಇಲ್ಲಿ ಬೇಸಗೆಯ ಅರಮನೆಯೊಂದನ್ನು ಕಟ್ಟಿಸತೊಡಗಿ, ಅದಕ್ಕೆ 'ಕ್ಲೈ ಕಂಗ್‌ವೊನ್', ಅಂದರೆ 'ಚಿಂತೆಗೆ ದೂರ' ಎಂದು ಹೆಸರಿಟ್ಟನು. 1932ರ ಜೂನ್ 24ರಂದು ಬ್ಯಾಂಕಾಕಿನಲ್ಲಿ ಕ್ರಾಂತಿ ನಡೆದು ನಿರಂಕುಶ ರಾಜಪ್ರಭುತ್ವವೇ ಕೊನೆಗೊಂಡಾಗ ಆ ದೊರೆ ತಂಗಿದ್ದುದು ಇದೇ ಊರಿನಲ್ಲಿ. ಚಿಂತೆಗೆ ದೂರವೆಂದು ಬಾಗಿಲ ಮೇಲೆ ಬರೆಸಿದರೆ ಚಿಂತೆಗೆ ವಿಳಾಸ ಹುಡುಕುವುದು ಸುಲಭವಾಗುತ್ತದೆಂಬ ಈ ಪಾಠವನ್ನು ನಮ್ಮ ಪಿಂಚಣಿದಾರನು ಪ್ರವಾಸಿ ಕೈಪಿಡಿಯಲ್ಲಿ ಓದಿರುತ್ತಾನೆ; ಆದರೆ ಅದು ದೊರೆಗಳಿಗೆ ಮಾತ್ರ ಅನ್ವಯಿಸುತ್ತದೆಂದು ಭಾವಿಸಿರುತ್ತಾನೆ.

ಈತನ ಬದುಕಿನ ಕ್ರಮವನ್ನು ಅರಿಯಲು ಪೂರ್ವಮೀಮಾಂಸಕರ ಕರ್ಮವಿಭಾಗಕ್ಕಿಂತ ಒಳ್ಳೆಯ ಸಾಧನ ಸಿಗಲಾರದು. ತಪ್ಪದೆ ಮಾಡಬೇಕಾದದ್ದು ನಿತ್ಯ, ಕಾರಣವೊದಗಿದಾಗ ಮಾಡಬೇಕಾದದ್ದು ನೈಮಿತ್ತಿಕ, ಬಯಕೆಯುಳ್ಳವನು ಮಾಡಬೇಕಾದದ್ದು ಕಾಮ್ಯ, ಲೋಪವಾದರೆ ಮಾಡಬೇಕಾದದ್ದು ಪ್ರಾಯಶ್ಚಿತ್ತ. ಪ್ರತಿ 90 ದಿನಗಳಿಗೊಮ್ಮೆ ತಾನು ಇಂಥ ವಿಳಾಸದಲ್ಲಿಯೇ ಇದ್ದೇನೆಂದು ವಲಸೆ ಕಚೇರಿಗೆ ಒಪ್ಪಿಸುವ ವರದಿ ನಿತ್ಯಕರ್ಮ. ಟಿಎಂ 47 ಎಂಬ ಈ ನಮೂನೆಯನ್ನು ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಸಲ್ಲಿಸಬಹುದಾದ್ದರಿಂದ, ಮದುವೆಗೆ ಮುಹೂರ್ತ ನೋಡುವ ಹಿರಿಯನಂತೆ ಈತನು ಕ್ಯಾಲೆಂಡರಿನ ಮುಂದೆ ಬೆರಳು ಮಡಿಸುತ್ತ ನಿಲ್ಲುತ್ತಾನೆ. ಬಾಡಿಗೆಮನೆ ಬದಲಾದಾಗ ಬರುವುದು ನೈಮಿತ್ತಿಕ. ವಿದೇಶಿಯೊಬ್ಬನು ತನ್ನ ಮನೆಗೆ ಬಂದು ತಂಗಿದ 24 ಗಂಟೆಗಳೊಳಗೆ ಮನೆಯ ಯಜಮಾನರೇ ಅದನ್ನು ಟಿಎಂ 30 ನಮೂನೆಯಲ್ಲಿ ತಿಳಿಸಬೇಕೆಂದು 1979ರ ವಲಸೆ ಕಾಯಿದೆ ವಿಧಿಸುವುದರಿಂದ, ಇಲ್ಲಿ ಕರ್ತೃ ಮನೆಯೊಡತಿ, ಆತಂಕ ಮಾತ್ರ ಬಾಡಿಗೆದಾರನದು. ತವರಿಗೆ ಹೋಗಿಬರುವ ಆಸೆಯುಳ್ಳವನು ಮುಂಚಿತವಾಗಿ ಪಡೆಯಬೇಕಾದ ಮರುಪ್ರವೇಶ ಪರವಾನಗಿ ಕಾಮ್ಯ. ಒಂದು ಸಲದ್ದಕ್ಕೆ 1,000 ಬಾತ್, ಹಲವು ಸಲದ್ದಕ್ಕೆ 3,800 ಬಾತ್ ತೆತ್ತು ಇದನ್ನು ಪಡೆಯದೆ ವಿಮಾನವೇರಿದವನ ವಾಸದ ಹಕ್ಕು, ಪುಣ್ಯ ತೀರಿದವನ ಸ್ವರ್ಗಪದವಿಯಂತೆ ಗಡಿ ದಾಟಿದೊಡನೆ ರದ್ದಾಗುತ್ತದೆ. ಪ್ರಾಯಶ್ಚಿತ್ತದ ವಿಷಯದಲ್ಲಿ ಶಾಸ್ತ್ರ ಸ್ಪಷ್ಟವಾಗಿದೆ: 90 ದಿನದ ವರದಿ ತಡವಾದರೆ 2,000 ಬಾತ್, ಅವಧಿ ಮೀರಿ ತಂಗಿದರೆ ದಿನಕ್ಕೆ 500ರಂತೆ 20,000 ಬಾತ್‌ವರೆಗೆ.

ಇವೆಲ್ಲಕ್ಕೂ ತಾಯಿಬೇರು ವರ್ಷಕ್ಕೊಮ್ಮೆ ಬರುವ ಪರವಾನಗಿಯ ವಿಸ್ತರಣೆ. ಅದರ ಶುಲ್ಕ ಕೇವಲ 1,900 ಬಾತ್. ಆದರೆ ಅದನ್ನು ಕಟ್ಟುವ ಯೋಗ್ಯತೆ ತನಗಿದೆಯೆಂದು ತೋರಿಸಲು ಥಾಯ್ ಬ್ಯಾಂಕೊಂದರಲ್ಲಿ 8 ಲಕ್ಷ ಬಾತ್ ಠೇವಣಿ, ಇಲ್ಲವೇ ಗೊತ್ತಾದ ಮಾಸಿಕ ಆದಾಯ ಇರಬೇಕು. 2019ರಿಂದ ಬಿಗಿಯಾದ ನಿಯಮದಂತೆ ಠೇವಣಿಯ ಹಣ ಅರ್ಜಿಗೆ ಮೊದಲು 2 ತಿಂಗಳು, ಮಂಜೂರಾದ ಮೇಲೆ 3 ತಿಂಗಳು ಅಲ್ಲಾಡದೆ ಇರಬೇಕು, ಮತ್ತು ವರ್ಷದ ಉಳಿದ ಕಾಲದಲ್ಲಿಯೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಹೀಗಾಗಿ ಈತನು ತನ್ನ ದುಡ್ಡನ್ನು ತಾನೇ ಮುಟ್ಟಲಾಗದೆ, ನಿಧಿ ಕಾಯುವ ಸರ್ಪದಂತೆ ಪಾಸ್‌ಬುಕ್ಕಿನ ಮೇಲೆ ಸುರುಳಿ ಸುತ್ತಿ ಮಲಗುತ್ತಾನೆ. ಸರ್ಪಕ್ಕಾದರೂ ಪ್ರತಿ ವರ್ಷ ಬ್ಯಾಂಕಿನಿಂದ ದೃಢೀಕರಣ ಪತ್ರ ತರುವ ಕೆಲಸವಿಲ್ಲ.

ಥಾಯ್ ನಾಣ್ಯವಾದ ಬಾತ್‌ಗೂ ನಮ್ಮ ಅಡುಗೆಮನೆಯ ಬಾತಿಗೂ ನಂಟಿಲ್ಲ. ಆದರೂ ಈತನ ತಟ್ಟೆಗೆ ಎಷ್ಟು ಬೀಳಬೇಕೆಂಬುದನ್ನು ನಿರ್ಧರಿಸುವುದು ಆ ನಾಣ್ಯವೇ. ಇಪ್ಪತ್ತು ವರ್ಷಗಳ ಹಿಂದೆ ಒಂದು ಪೌಂಡಿಗೆ 70ರ ಆಸುಪಾಸಿನಲ್ಲಿದ್ದ ಬಾತ್ ಈಗ 45ರ ಆಸುಪಾಸಿಗೆ ಬಂದಿದೆ. ಇದರ ಜೊತೆಗೆ ಬ್ರಿಟಿಷ್ ಸರ್ಕಾರವು ಥಾಯ್ಲೆಂಡ್ ಸೇರಿದಂತೆ ಹಲವು ದೇಶಗಳಲ್ಲಿ ನೆಲೆಸಿದ ತನ್ನ ಪಿಂಚಣಿದಾರರಿಗೆ ವಾರ್ಷಿಕ ಏರಿಕೆಯನ್ನು ಕೊಡುವುದಿಲ್ಲ. ಅವರ ಪಿಂಚಣಿ ಅಲ್ಲಿ ಮೊದಲು ಕೈಗೆ ಬಂದ ಮೊತ್ತದಲ್ಲಿಯೇ ನಿಂತುಬಿಡುತ್ತದೆ. ಇದಕ್ಕೆ 'ಹೆಪ್ಪುಗಟ್ಟಿದ ಪಿಂಚಣಿ' ಎಂದು ಹೆಸರು, ಮತ್ತು ಹುವಾ ಹಿನ್‌ನ ಬಿಸಿಲಿನಲ್ಲಿ ಕರಗದೆ ಉಳಿಯುವ ಹೆಪ್ಪು ಇದೊಂದೇ. ಭಾರತವೂ ಈ ಪಟ್ಟಿಯಲ್ಲಿರುವುದರಿಂದ, ಬೆಂಗಳೂರಿಗೆ ಬಂದು ನೆಲೆಸುವ ಬ್ರಿಟಿಷ್ ಪಿಂಚಣಿದಾರನ ಪಾಡೂ ಇದಕ್ಕಿಂತ ಬೇರೆಯಲ್ಲ. ಫಿಲಿಪೀನ್ಸಿನಲ್ಲಿರುವವನಿಗೆ ಮಾತ್ರ ಎರಡು ದೇಶಗಳ ನಡುವಿನ ಒಪ್ಪಂದದಿಂದಾಗಿ ಏರಿಕೆ ಸಿಗುತ್ತದೆ. ಮನಿಲಾದಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬನು ಪ್ರತಿ ಏಪ್ರಿಲಿನಲ್ಲಿ ಕ್ಷೇಮಸಮಾಚಾರ ವಿಚಾರಿಸಿ ಪತ್ರ ಬರೆಯುವುದನ್ನು ಈತನು ಸ್ನೇಹವೆಂದು ಪರಿಗಣಿಸುವುದಿಲ್ಲ.

ವಿಸ್ತರಣೆಯ ದಿನದ ಆಚಾರಗಳು ವಿಸ್ತಾರವಾದ ವಿವರಣೆಗೆ ಅರ್ಹವಾಗಿವೆ. ಇನ್ನು ಮುಂದೆ ಉದ್ದ ಪ್ಯಾಂಟು ತೊಡುವುದಿಲ್ಲವೆಂದು ನಿವೃತ್ತಿಯ ದಿನ ಪ್ರತಿಜ್ಞೆ ಮಾಡಿ ಬಂದ ಈತನ ಬೀರುವಿನಲ್ಲಿ ಒಂದೇ ಒಂದು ಉದ್ದ ಪ್ಯಾಂಟು ಇರುತ್ತದೆ. ಚಡ್ಡಿ ಬನಿಯನ್ನಿನಲ್ಲಿ ಬಂದವರನ್ನು ಕಚೇರಿ ಮೆಚ್ಚುವುದಿಲ್ಲವಾದ್ದರಿಂದ ಅದು ಮಡಿಬಟ್ಟೆಯಂತೆ ಆ ದಿನಕ್ಕೆಂದೇ ಮೀಸಲು. ಪಾಸ್‌ಬುಕ್ಕಿನಲ್ಲಿ ಆ ದಿನದ ನಮೂದು ಬೇಕೆಂಬ ಕಾರಣಕ್ಕೆ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವುದನ್ನೇ ಕಾದು 100 ಬಾತ್ ಜಮಾ ಮಾಡುವುದು ಪೂರ್ವಾಂಗ. ಅನಂತರ ಟಿಎಂ 7 ಅರ್ಜಿ, 4 ಸೆಂಟಿಮೀಟರ್ ಅಗಲ 6 ಸೆಂಟಿಮೀಟರ್ ಎತ್ತರದ ಭಾವಚಿತ್ರ, ಪಾಸ್‌ಪೋರ್ಟಿನ ಪುಟಗಳ ನಕಲು, ಬ್ಯಾಂಕಿನ ಪತ್ರ, ಬಾಡಿಗೆಯ ಕರಾರು, ಇವುಗಳ ಪ್ರತಿ ಹಾಳೆಯ ಮೇಲೂ ಸಹಿ, ಕೊನೆಗೆ ಮನೆಗೆ ಹೋಗುವ ದಾರಿಯ ನಕ್ಷೆ. ನಕ್ಷೆಯನ್ನು ಕೈಯಲ್ಲೇ ಬರೆಯುವ ಪದ್ಧತಿಯಿದ್ದು, ಅದರಲ್ಲಿ 'ಸೊಯ್' ಎಂದು ಕರೆಯಲಾಗುವ ಓಣಿಯನ್ನೂ ದೇವಾಲಯವನ್ನೂ ಅಂಗಡಿಯನ್ನೂ ಗುರುತಿಸಿದ ಮೇಲೆ, ದಾರಿಯಲ್ಲಿ ಅಡ್ಡ ಮಲಗುವ ನಾಯಿಯನ್ನು ಗುರುತಿಸಬೇಕೇ ಬೇಡವೇ ಎಂದು ಈತನು ಬಹಳ ಹೊತ್ತು ಯೋಚಿಸುತ್ತಾನೆ. ಸರ್ಕಾರಿ ಕಾಗದಗಳಲ್ಲಿ ಬುದ್ಧಶಕೆ ನಡೆಯುವುದರಿಂದ ಕ್ರಿಸ್ತಶಕಕ್ಕೆ 543 ಕೂಡಿಸಬೇಕಾಗಿ ಬಂದು, 2025ರಲ್ಲಿ ಮನೆಯಿಂದ ಹೊರಟವನು ಕಚೇರಿಯ ಮೇಜಿನ ಬಳಿ 2568ನ್ನು ತಲುಪುತ್ತಾನೆ. ಸರದಿಯಲ್ಲಿ ಕಳೆದ ಹೊತ್ತನ್ನು ನೆನೆದರೆ ಈ ಅಂತರ ಆತನಿಗೆ ನ್ಯಾಯವಾಗಿಯೇ ತೋರುತ್ತದೆ.

ಕರ್ಮವಿರುವಲ್ಲಿ ಭಾಷ್ಯಕಾರರೂ ಇರುತ್ತಾರೆ. ಬೆಳಗಿನ ಕಾಫಿಯಂಗಡಿಯಲ್ಲಿ ಸೇರುವ ಈ ಪಿಂಚಣಿದಾರರಲ್ಲಿ ಮೂರು ಮತಗಳನ್ನು ಗುರುತಿಸಬಹುದು: ಇಡುಗಂಟಾಗಿರುವ 8 ಲಕ್ಷವೊಂದೇ ಸತ್ಯವೆನ್ನುವವರು ಅದ್ವೈತಿಗಳು, ತಿಂಗಳು ತಿಂಗಳು ಹೊರಗಿನಿಂದ ಬರುವ 65,000 ಬಾತ್ ಆದಾಯವೇ ಬೇರೆ, ಗಂಟೇ ಬೇರೆ ಎನ್ನುವವರು ದ್ವೈತಿಗಳು, ಎರಡನ್ನೂ ಸೇರಿಸಿ ವರ್ಷಕ್ಕೆ 8 ಲಕ್ಷ ತುಂಬಿಸಬಹುದೆಂಬ ಅವಕಾಶವನ್ನು ಹಿಡಿದವರು ವಿಶಿಷ್ಟಾದ್ವೈತಿಗಳು. ಆದಾಯವನ್ನು ದೃಢೀಕರಿಸುವ ಪತ್ರ ಕೊಡುವುದನ್ನು ಬ್ರಿಟಿಷ್ ರಾಯಭಾರ ಕಚೇರಿ 2019ರ ಆರಂಭದಿಂದ ನಿಲ್ಲಿಸಿದ ಮೇಲೆ ದ್ವೈತಿಗಳು ಬ್ಯಾಂಕಿನ ದಾಖಲೆಗಳನ್ನೇ ಪ್ರಮಾಣವಾಗಿ ಒಪ್ಪಬೇಕಾಯಿತು. ಬಂದಿಳಿದ ದಿನವನ್ನು 90ರಲ್ಲಿ ಸೇರಿಸಬೇಕೇ ಎಂಬ ಒಂದೇ ಪ್ರಶ್ನೆಯ ಮೇಲೆ ಎರಡು ಲೋಟ ಕಾಫಿ ಆರಿಹೋಗುತ್ತದೆ, ಮತ್ತು ವಾದದಲ್ಲಿ ಗೆದ್ದವನೂ ಮರುದಿನ ಕಚೇರಿಗೆ ಹೋಗಿ ಕೇಳಿಕೊಂಡು ಬರುತ್ತಾನೆ.

ಈ ಪರವಾನಗಿಯ ಮೇಲೆ ಇರುವವನು ಉದ್ಯೋಗ ಮಾಡುವಂತಿಲ್ಲ. ಕ್ಷೌರದಿಂದ ಹಿಡಿದು ಪ್ರವಾಸಿಗಳಿಗೆ ದಾರಿ ತೋರಿಸುವವರೆಗೆ ಹಲವು ವೃತ್ತಿಗಳನ್ನು ಕಾನೂನು ಥಾಯ್ ಪ್ರಜೆಗಳಿಗೇ ಕಾದಿರಿಸಿದೆ. ಆದ್ದರಿಂದ ಜೀವನವಿಡೀ ವಿದ್ಯುತ್ ದುರಸ್ತಿ ಮಾಡಿದವನು ನೆರೆಮನೆಯ ದೀಪ ಕೆಟ್ಟಾಗ ಸ್ಟೂಲು ಹತ್ತುವುದು 'ಕೆಲಸ'ದ ವ್ಯಾಖ್ಯೆಗೆ ಬರುತ್ತದೆಯೇ ಎಂದು ಕತ್ತಲಲ್ಲಿಯೇ ಕುಳಿತು ಚಿಂತಿಸುತ್ತಾನೆ. ಇತ್ತ ತವರಿನ ಪಿಂಚಣಿ ಇಲಾಖೆಯು ಆಗಾಗ ಜೀವಂತ ಪ್ರಮಾಣಪತ್ರವನ್ನು ಕಳುಹಿಸಿ, ಸಾಕ್ಷಿಯ ಸಹಿಯೊಡನೆ ಮರಳಿಸಲು ಹೇಳುತ್ತದೆ. ನವೆಂಬರ್ ತಿಂಗಳಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತುವ ಕರ್ನಾಟಕದ ನಿವೃತ್ತ ಮೇಷ್ಟ್ರಿಗೆ ಈ ಕ್ರಿಯೆಯನ್ನು ವಿವರಿಸಬೇಕಾಗಿಲ್ಲ. ಹೀಗೆ ಸತ್ತಿಲ್ಲವೆಂದು ಒಂದು ಸರ್ಕಾರಕ್ಕೆ, ದುಡಿಯುತ್ತಿಲ್ಲವೆಂದೂ ಮನೆ ಬದಲಿಸಿಲ್ಲವೆಂದೂ ಇನ್ನೊಂದು ಸರ್ಕಾರಕ್ಕೆ ಲಿಖಿತ ಪುರಾವೆ ಒದಗಿಸುವುದರಲ್ಲಿ, ಉದ್ಯೋಗದಲ್ಲಿದ್ದಾಗ ಎಂದೂ ತೋರದಿದ್ದ ಶಿಸ್ತನ್ನು ಈತನು ತೋರುತ್ತಾನೆ. ಹಳೆಯ ಮೇಲಧಿಕಾರಿ ಈಗ ಆತನ ಫೈಲನ್ನು ನೋಡಿದರೆ ಬಡ್ತಿ ಕೊಡದೆ ಬಿಡಲಾರ.

ಇಷ್ಟಾದರೂ ಈತನನ್ನು ಆ ನೆಲಕ್ಕೆ ಕಟ್ಟಿಹಾಕಿರುವುದು ಯಾವ ನಮೂನೆಯೂ ಅಲ್ಲ. ಕಾಯಿದೆಯ ಭಾಷೆಯಲ್ಲಿ ಈತನು 'ಖೋನ್ ತಾಂಗ್ ದಾವ್', ಅಂದರೆ ಪರದೇಶದವನು. ಸಂಜೆಯ ಸಂತೆಯಲ್ಲಿ ಹಣ್ಣು ಮಾರುವ ಹೆಂಗಸಿಗೆ ಮಾತ್ರ 'ಲುಂಗ್', ಅಂದರೆ ದೊಡ್ಡಪ್ಪ. ಥಾಯ್ ಭಾಷೆಯಲ್ಲಿ 'ಮಾ' ಎಂಬ ಒಂದೇ ಉಲಿ ಸ್ವರದ ಏರಿಳಿತಕ್ಕೆ ತಕ್ಕಂತೆ 'ಬಾ' ಎಂದೂ 'ಕುದುರೆ' ಎಂದೂ 'ನಾಯಿ' ಎಂದೂ ಅರ್ಥ ಕೊಡುವುದರಿಂದ, ಈತನು 'ಮತ್ತೆ ಬರುತ್ತೇನೆ' ಎಂದದ್ದನ್ನು ಆಕೆ ಹಲವು ಬಗೆಯಲ್ಲಿ ಕೇಳಿಸಿಕೊಂಡಿದ್ದರೂ, ಒಮ್ಮೆಯೂ ಮುಖ ಗಂಟಿಕ್ಕಿಲ್ಲ. ಗಟ್ಟಿ ಸೀಬೆಕಾಯಿಯನ್ನು ಹೆಚ್ಚಿ, ಉಪ್ಪು, ಸಕ್ಕರೆ, ಮೆಣಸಿನಪುಡಿಗಳ ಪೊಟ್ಟಣವಿಟ್ಟು ಆಕೆ ಕೊಡುವಾಗ, ಬೆಲೆಯಲ್ಲಿ 5 ಬಾತ್ ಇಳಿಸುವಂತೆ ಚೌಕಾಸಿ ಮಾಡಲು ಈತನ ನಾಲಿಗೆ ತುದಿಯವರೆಗೆ ಬಂದ ಮಾತು ಹಿಂದಕ್ಕೆ ಸರಿಯುತ್ತದೆ. ಏಕೆಂದರೆ 'ಫರಂಗ್ ಖೀ ನೋಕ್', ಅಂದರೆ 'ಹಕ್ಕಿಹಿಕ್ಕೆಯ ಫರಂಗ್' ಎಂಬುದು ಸೀಬೆಯ ಒಂದು ನಾಟಿ ತಳಿಯ ಹೆಸರು ಮಾತ್ರವಲ್ಲ, ಗತಿಗೆಟ್ಟ ಬಿಳಿಯನಿಗೆ ಇಟ್ಟ ಬೈಗುಳವೂ ಹೌದು.

ಪೋರ್ಚುಗೀಸರು ಸಯಾಮಿನ ರಾಜಧಾನಿಯಾಗಿದ್ದ ಅಯುತ್ಥಯಕ್ಕೆ ಬಂದದ್ದು 1511ರಲ್ಲಿ. ಅಮೆರಿಕ ಖಂಡದ ಮೂಲದ ಸೀಬೆಯೂ ಪರಂಗಿಯೂ ಆ ಬಳಿಕದ ಕಾಲದಲ್ಲಿ ಕಡಲು ದಾಟಿ ಬಂದು ಬೇರೂರಿದವು; ಇಂದು ಪರಂಗಿಕಾಯಿಯ ತುರಿಯಿಂದ ಮಾಡುವ 'ಸೊಮ್ ತಮ್' ಎಂಬ ಕೋಸಂಬರಿಯನ್ನು ಥಾಯ್ಲೆಂಡಿನ ಹೆಮ್ಮೆಯೆಂದು ಲೋಕವೆಲ್ಲ ತಿನ್ನುತ್ತದೆ, ಅದನ್ನು ಯಾರೂ 90 ದಿನಗಳಿಗೊಮ್ಮೆ ವಿಳಾಸ ಕೇಳುವುದಿಲ್ಲ. ಮನುಷ್ಯ ಫರಂಗನ ವಾರ್ಷಿಕ ವಿಸ್ತರಣೆಯು ಇಪ್ಪತ್ತು ಸಲ ಆದರೂ ತಾನಾಗಿ ಖಾಯಂ ವಾಸದ ಹಕ್ಕಾಗಿ ಮಾಗುವುದಿಲ್ಲ. ಇಂಥವರ ಬಾಡಿಗೆಮನೆಯ ಹಿತ್ತಿಲಲ್ಲಿ, ತಿಂದು ಎಸೆದ ಬೀಜದಿಂದ ತಾನಾಗಿ ಎದ್ದ ಸೀಬೆಗಿಡವೊಂದು ಇರುವುದುಂಟು. ಅದು ಬಂದು ತಂಗಿದ 24 ಗಂಟೆಗಳೊಳಗೆ ಮನೆಯೊಡತಿ ಯಾವ ಕಚೇರಿಗೂ ತಿಳಿಸಲಿಲ್ಲ. ಪಿಂಚಣಿದಾರನು ಪ್ರತಿದಿನ ಬೆಳಿಗ್ಗೆ ಅದಕ್ಕೆ ಒಂದು ಚೊಂಬು ನೀರು ಹಾಕುತ್ತಾನೆ. ಇದು ಕಾನೂನಿನ ಅರ್ಥದಲ್ಲಿ 'ಕೆಲಸ'ವಾಗುತ್ತದೆಯೇ ಎಂಬ ವಿಷಯದಲ್ಲಿ ಕಾಫಿಯಂಗಡಿಯ ಮೂರೂ ಮತದವರಲ್ಲಿ ಇನ್ನೂ ಒಮ್ಮತ ಮೂಡಿಲ್ಲ.